ಮಾತಿಗೊಂದು ಗುಟುಕು

ಪಾನದ ಆಟ ಎಂದರೆ, ಒಂದು ಗುಂಪು ಮೊದಲೇ ಗೊತ್ತುಮಾಡಿಕೊಂಡ ಸಂಗತಿ ನಡೆದಾಗ ಅಥವಾ ಗೊತ್ತುಮಾಡಿಕೊಂಡ ಮಾತು ಕಿವಿಗೆ ಬಿದ್ದಾಗ, ಆಟಕ್ಕೆ ಕೂತವರು ಕೈಯಲ್ಲಿರುವ ಪೇಯದಿಂದ ಒಂದು ಗುಟುಕು ಕುಡಿಯಲೇಬೇಕೆಂಬ ಕಟ್ಟಳೆಯುಳ್ಳ ವಿನೋದ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಪಂದ್ಯಗಳನ್ನು ಟಿ.ವಿ.ಯಲ್ಲಿ ನೋಡುವವರ ನಡುವೆ ಈ ವಿನೋದ ಚೆನ್ನಾಗಿ ಬೇರುಬಿಟ್ಟಿದೆ. ಅಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ನಮ್ಮ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು, ಅಡ್ಡ ನಿಂತ ಆಳುಗಳನ್ನು ಸೀಳಿ, ಒಂದೊಂದೇ ಗಜ ಮುಂದೆ ನುಗ್ಗುವ ಆಟ. ವೀಕ್ಷಕ ವಿವರಣೆ ಕೊಡುವವನು ತನ್ನ ಮೆಚ್ಚಿನ ನುಡಿಯನ್ನು ಮತ್ತೆ ಆಡಿದರೆ ಒಂದು ಗುಟುಕು, ತರಬೇತುದಾರ ಸಿಟ್ಟಿನಿಂದ ಟೋಪಿ ಎಸೆದರೆ ಎರಡು, ಮುಖಕ್ಕೆ ಬಣ್ಣ ಬಳಿದುಕೊಂಡ ವಿದ್ಯಾರ್ಥಿಯ ಮೇಲೆ ಕ್ಯಾಮೆರಾ ನಿಂತರೆ ಇನ್ನೊಂದು ಎಂಬಂಥವು ಅದರ ನಿಯಮಗಳು.

ಈ ವಿನೋದ ಆ ಆಟಕ್ಕೇ ಏಕೆ ಅಂಟಿಕೊಂಡಿತು ಎಂಬುದಕ್ಕೆ ಉತ್ತರ ಆಟದ ನಡುವಿನ ಬಿಡುವಿನಲ್ಲಿದೆ. ಗಡಿಯಾರದ ಲೆಕ್ಕದಲ್ಲಿ ಅದು ಹದಿನೈದು ನಿಮಿಷಗಳ ನಾಲ್ಕು ಭಾಗಗಳ, ಅಂದರೆ ಒಂದೇ ಗಂಟೆಯ ಆಟ. ಪ್ರಸಾರ ಮಾತ್ರ ಮೂರು ಗಂಟೆಯನ್ನೂ ಮೀರುತ್ತದೆ. ಕೆಲವು ಕ್ಷಣ ನೂಕುನುಗ್ಗಲು, ಆಮೇಲೆ ದೀರ್ಘ ಬಿಡುವು. ಆ ಬಿಡುವನ್ನು ತುಂಬಲು ಮಾತು, ಮಾತು ಸಾಲದೆ ಬಂದಾಗ ಹಳೆಯ ಮಾತೇ ಮತ್ತೊಮ್ಮೆ. ಅಲ್ಲಿ ಕಾಲೇಜು ಪಂದ್ಯವೊಂದು ಟಿ.ವಿ.ಯಲ್ಲಿ ಮೊದಲು ಬಿತ್ತರಗೊಂಡದ್ದು 1939ರ ಸೆಪ್ಟೆಂಬರ್ 30ರಂದು, ಫೋರ್ಡಮ್ ಮತ್ತು ವೇನ್ಸ್‌ಬರ್ಗ್ ತಂಡಗಳು ನ್ಯೂಯಾರ್ಕ್‌ನಲ್ಲಿ ಎದುರಾದಾಗ. ಅಂದಿನಿಂದ ತಲೆಮಾರುಗಳ ವಿವರಣೆಕಾರರು ಇದೇ ಬಿಡುವನ್ನು ಮಾತಿನಿಂದ ತುಂಬುತ್ತ ಬಂದಿದ್ದಾರೆ, ನೋಡುಗರು ಆ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತ ಬಂದಿದ್ದಾರೆ. ಕಬಡ್ಡಿಯಲ್ಲಿ ಪಾನದ ಆಟ ನಿಲ್ಲಲಾರದು, ಏಕೆಂದರೆ ಅಲ್ಲಿ ಮೂವತ್ತು ಸೆಕೆಂಡಿನ ದಾಳಿ ಮುಗಿಯುತ್ತಿದ್ದಂತೆ ಎದುರು ತಂಡದ ದಾಳಿಗಾರ ಗೆರೆ ದಾಟಿರುತ್ತಾನೆ. ಲೋಟ ಎತ್ತಿದವನು ಒಂದು ಹಿಡಿತವನ್ನೇ ಕಳೆದುಕೊಳ್ಳುತ್ತಾನೆ. ಕ್ರಿಕೆಟ್ ಹಾಗಲ್ಲ. ಬೌಲರ್ ತನ್ನ ಓಟದ ಗುರುತಿಗೆ ಹಿಂದಿರುಗುವ ತನಕ ಅಲ್ಲೂ ಬಿಡುವುಂಟು, ಮಾತುಂಟು, ಮಾತಿನ ಮರುಕಳಿಕೆಯುಂಟು.

ಆದುದರಿಂದ ಕಲಬುರಗಿಯ ಶಹಾಬಜಾರದಂಥ ಹಳೆಯ ಬಡಾವಣೆಯಲ್ಲಿ ಈ ವಿನೋದಕ್ಕೆ ನೆಲೆ ಹುಡುಕುವವರು ಐಪಿಎಲ್ ಹೊತ್ತಿನ ಚಾ ಹೋಟೆಲಿಗೇ ಹೋಗಬೇಕು. ಶಹಾಬಜಾರ ಎಂಬುದು ಹೆಸರಿನಲ್ಲೇ ಅರಸನ ಪೇಟೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದ ಕಾಲದ ನೆನಪನ್ನು ಇಲ್ಲಿನ ಹಳೆಯ ಮಸೀದಿ ಇಂದಿಗೂ ಹೊತ್ತು ನಿಂತಿದೆ. ಏಪ್ರಿಲ್, ಮೇ ತಿಂಗಳ ಇಲ್ಲಿನ ಬಿಸಿಲು ನಲವತ್ತು ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆದರೂ ಸಂಜೆ ಏಳೂವರೆಗೆ ಪಂದ್ಯ ಶುರುವಾಗುವಾಗ ಇಲ್ಲಿಯ ಜನ ಕೇಳುವುದು ಬಿಸಿ ಚಾವನ್ನೇ, ಜೊತೆಗೆ ಸುಸಲಾ ಮತ್ತು ಮಿರ್ಚಿ ಭಜಿಯನ್ನು. ಸುಸಲಾ ಎಂದರೆ ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿದ ತಿಂಡಿ. ಕಟ್ ಚಾ ಎಂದರೆ ಅರ್ಧ ಲೋಟದ ಖಡಕ್ ಚಹಾ. ಕಪ್ಪಿನಲ್ಲಿ ಕೊಟ್ಟರೆ ಹಿರಿಯರು ಅದನ್ನು ಬಸಿಗೆ, ಅಂದರೆ ಕಪ್ಪಿನಡಿಯ ತಟ್ಟೆಗೆ, ಸುರಿದುಕೊಂಡು ಕುಡಿಯುತ್ತಾರೆ. ಬಸಿಯಲ್ಲಿ ಚಾ ತೆಳ್ಳಗೆ ಹರಡಿ, ಅಂಚಿನಲ್ಲಿ ಸಣ್ಣ ನೊರೆ ಕಟ್ಟಿ, ಒಂದೆರಡು ಸಲ ಊದುವಷ್ಟರಲ್ಲಿ ತುಟಿಗೆ ಹಿತವಾಗುತ್ತದೆ. ವೇಗದ ಬೌಲರ್ ಬೆವರೊರೆಸಿಕೊಂಡು ತನ್ನ ಗುರುತಿಗೆ ಹಿಂದಿರುಗಲು ಬೇಕಾದ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಪಾನದ ಆಟಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರೆ ಸಿಗುವುದು ಕಷ್ಟ.

ಕುಡಿತವನ್ನು ಆಟವಾಗಿ ಎಣಿಸುವುದು ಈ ಸೀಮೆಗೆ ಹೊಸದೇನೂ ಅಲ್ಲ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ ದಾಟಿ ಹೋದರೆ ಸಿಗುವ ಬಸವಕಲ್ಯಾಣವೇ ಕಲ್ಯಾಣಿ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಇಪ್ಪತ್ತು ಕ್ರೀಡೆಗಳನ್ನು ವರ್ಣಿಸುವಾಗ ಮದಿರಾಪಾನ ಕ್ರೀಡೆಗೂ, ಪ್ರಹೇಳಿಕೆ ಎಂದರೆ ಒಗಟು ಬಿಡಿಸುವ ಕ್ರೀಡೆಗೂ ಜಾಗ ಕೊಟ್ಟಿದೆ. ಒಗಟು ಮತ್ತು ಪಾನ ಒಂದೇ ಪಟ್ಟಿಯಲ್ಲಿರುವುದು ಗಮನಿಸಬೇಕಾದ ಸಂಗತಿ, ಏಕೆಂದರೆ ಲೋಕದ ಬೇರೆ ಕಡೆಗಳಲ್ಲೂ ಇವೆರಡು ಜೊತೆಯಾಗಿಯೇ ಬಂದಿವೆ. ಚೀನಾದಲ್ಲಿ ಕ್ರಿ.ಶ. 353ರಲ್ಲಿ ವಾಂಗ್ ಶೀಜಿ ಎಂಬ ಲಿಪಿಕಾರ ಕರೆದ ಲ್ಯಾನ್‌ಟಿಂಗ್ ಗೋಷ್ಠಿಯಲ್ಲಿ ಮದ್ಯದ ಬಟ್ಟಲುಗಳನ್ನು ತೊರೆಯಲ್ಲಿ ತೇಲಿಬಿಟ್ಟಿದ್ದರು. ಪದ್ಯ ಕಟ್ಟಲಾರದೆ ಹೋದ ಹದಿನಾರು ಮಂದಿ ದಂಡವಾಗಿ ಮೂರು ಮೂರು ಬಟ್ಟಲು ಕುಡಿಯಬೇಕಾಯಿತು. ಅಲ್ಲಿ ಮಾತು ಹೊಳೆಯದವನಿಗೆ ಗುಟುಕು, ಟಿ.ವಿ.ಯ ಆಟದಲ್ಲಿ ಬೇರೊಬ್ಬನಿಗೆ ಹೊಸ ಮಾತು ಹೊಳೆಯದಿದ್ದರೆ ನೋಡುಗನಿಗೆ ಗುಟುಕು. ಎರಡರಲ್ಲೂ ನಿಜವಾಗಿ ನಡೆಯುತ್ತಿರುವುದು ಭಾಷೆಯ ಪರೀಕ್ಷೆ.

ಹತ್ತಾರು ಜನ ಒಂದೇ ಟಿ.ವಿ. ಪೆಟ್ಟಿಗೆಯ ಮುಂದೆ ಕೂತು ನೋಡುವ ರೂಢಿಯೂ ಇಲ್ಲಿ ರಾಜ್ಯದ ಬಹುತೇಕ ಊರುಗಳಿಗಿಂತ ಹಳೆಯದು. ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಶೈಕ್ಷಣಿಕ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಗುಲಬರ್ಗಾ (ಕಲಬುರಗಿಯ ಆಗಿನ ಹೆಸರು), ರಾಯಚೂರು, ಬಿಜಾಪುರ ಜಿಲ್ಲೆಗಳು. ಊರಿಗೆಲ್ಲ ಒಂದೇ ಟಿ.ವಿ., ಅದರ ಮುಂದೆ ನೆಲದ ಮೇಲೆ ಕೂತ ಊರು. ಇದೇ ಆ ಪ್ರಯೋಗದ ಚಿತ್ರ. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂತು, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಹಿಂದುಳಿದ ಭಾಗ ಎಂಬ ಮಾತನ್ನು ಕೇಳಿ ಕೇಳಿ ಬೇಸತ್ತ ಈ ಜಿಲ್ಲೆಯ ಮಕ್ಕಳಿಗೆ ಈ ಎರಡು ಇಸವಿಗಳನ್ನು ಶಾಲೆಯಲ್ಲೇ ಹೇಳಿಕೊಡಬೇಕು. ಕೈಯೊಳಗಿನ ಮೊಬೈಲಿನಲ್ಲಿ ಒಬ್ಬೊಬ್ಬರೇ ಪಂದ್ಯ ನೋಡುವ ಈ ಕಾಲದಲ್ಲಿ, ಹೋಟೆಲಿನ ಗೋಡೆಯ ಟಿ.ವಿ.ಗೆ ಕತ್ತೆತ್ತಿ ಕೂತ ಗುಂಪು ಆ ಹಳೆಯ ಕೂಟದ ಮುಂದುವರಿಕೆಯೇ ಆಗಿದೆ.

ಆದರೂ ಬಹುಕಾಲ ಗುಟುಕಿನ ಆಟ ಇಲ್ಲಿ ಸಾಧ್ಯವಿರಲಿಲ್ಲ, ಏಕೆಂದರೆ ದೂರದರ್ಶನದ ಕ್ರಿಕೆಟ್ ವಿವರಣೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಸರದಿಯಂತೆ ಬರುತ್ತಿತ್ತು, ಮತ್ತು ಪರಭಾಷೆಯ ಸವಕಲು ನುಡಿಯನ್ನು ಸವಕಲೆಂದು ಗುರುತಿಸುವ ಕಿವಿ ಎಲ್ಲರಿಗೂ ಇರುವುದಿಲ್ಲ. ಯಾವ ಮಾತು ತಾಜಾ, ಯಾವುದು ಹಳಸಿದ್ದು ಎಂಬುದು ತಾಯ್ನುಡಿಯಲ್ಲಿ ಮಾತ್ರ ಯೋಚಿಸದೆಯೇ ತಿಳಿಯುತ್ತದೆ. 2019ರ ಐಪಿಎಲ್ ಹೊತ್ತಿಗೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ವಾಹಿನಿ ಮನೆ ಮನೆಗೆ ಬಂದ ಮೇಲೆ ಆ ಕೊರತೆ ನೀಗಿತು. ‘ಪಂದ್ಯಕ್ಕೆ ತಿರುವು’, ‘ಮಹತ್ವದ ಘಟ್ಟ’, ‘ಒತ್ತಡ’, ‘ಜೊತೆಯಾಟ’ ಎಂಬ ಪದಗಳು ಸಂಜೆಗೆ ಎಷ್ಟು ಸಲ ಬರುತ್ತವೆ ಎಂಬುದನ್ನು ಈಗ ಯಾರು ಬೇಕಾದರೂ ಬೆರಳು ಮಡಿಚಿ ಎಣಿಸಬಹುದು. ಬೆಂಗಳೂರಿನ ಆ ತಿದ್ದಿದ ಕನ್ನಡವನ್ನು ಕೇಳುತ್ತಲೇ ಶಹಾಬಜಾರದ ಕಟ್ಟೆ ‘ಏನ್ ಹೊಡದಾನ್ ನೋಡ್ರಿ’ ಎಂದು ತನ್ನದೇ ವಿವರಣೆ ಸೇರಿಸುತ್ತದೆ, ಪಕ್ಕದ ಬೆಂಚಿನಿಂದ ದಖನಿಯಲ್ಲಿ ‘ಕ್ಯಾ ಮಾರಾ ರೇ’ ಎಂಬ ಉದ್ಗಾರ ಬರುತ್ತದೆ. ದಖನಿ ಎಂದರೆ ಈ ನೆಲದಲ್ಲೇ ಬೆಳೆದ, ಕನ್ನಡ, ಮರಾಠಿ, ತೆಲುಗುಗಳ ಒಡನಾಟದಲ್ಲಿ ಹದಗೊಂಡ ಉರ್ದು. ಒಂದೇ ಹೊಡೆತಕ್ಕೆ ಮೂರು ಬಗೆಯ ಮಾತು ಸಿಗುವ ಇಂಥ ಜಾಗ ಆಟಕ್ಕೆ ಹದವಾದ ನೆಲ.

ನಿಯಮ ಕಟ್ಟುವವರು ಮೊದಲು ಲೆಕ್ಕ ಹಾಕಬೇಕು. ಇಪ್ಪತ್ತು ಓವರುಗಳ ಪಂದ್ಯದಲ್ಲಿ ಎರಡೂ ಕಡೆ ಸೇರಿ 240 ಚೆಂಡು. ಕಟ್ ಚಾದಲ್ಲಿ ಇರುವುದು ಏಳೆಂಟು ಗುಟುಕು. ಚೆಂಡಿಗೊಂದು ಗುಟುಕೆಂದರೆ ಕಡಿಮೆಯೆಂದರೂ ಮೂವತ್ತು ಲೋಟ ಬೇಕಾಗುತ್ತದೆ, ಆ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಬೌಂಡರಿಗೊಂದು ಎಂದರೂ ಹೆಚ್ಚೇ. ಆದ್ದರಿಂದ ಗುಟುಕನ್ನು ಆಟಕ್ಕೆ ಕಟ್ಟದೆ ಮಾತಿಗೆ ಕಟ್ಟುವುದು ಲೇಸು: ಪಂದ್ಯ ಶುರುವಾಗುವ ಮೊದಲು ಪ್ರತಿಯೊಬ್ಬರೂ ಒಂದೊಂದು ಪದ ಆರಿಸಿಕೊಳ್ಳಬೇಕು, ಆ ಪದ ಟಿ.ವಿ.ಯಲ್ಲಿ ಕೇಳಿದಾಗ ಅವರು ಕುಡಿಯಬೇಕು. ತಮ್ಮ ಪದ ಬಂದದ್ದು ಅವರಿಗೇ ಕೇಳದೆ ಹೋದರೆ ಉಳಿದವರು ‘ಕುಡೀರಿ ಕಾಕಾ, ನಿಮ್ ಮಾತು ಬಂತು’ ಎಂದು ಎಚ್ಚರಿಸಬಹುದು, ಆದರೆ ಆಗ ಗುಟುಕು ಎರಡು. ‘ಕಪ್’ ಎಂಬ ಪದವನ್ನು ಮಾತ್ರ ಯಾರೊಬ್ಬರಿಗೂ ಬಿಟ್ಟುಕೊಡದೆ ಎಲ್ಲರಿಗೂ ಸೇರಿದ್ದೆಂದು ಇಡಬೇಕು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಬೆಂಗಳೂರು ತಂಡದ ಅಭಿಮಾನಿಗಳ ಬಾಯಲ್ಲಿ ಇಷ್ಟು ವರ್ಷ ಬೆಳೆದ ಮೇಲೆ, ಚಾ ಹೋಟೆಲಿನಲ್ಲಿ ಆ ಪದಕ್ಕೆ ಕಪ್ಪು ಎತ್ತದಿರುವುದು ಅಗೌರವ. ಪ್ರತಿ ಇನ್ನಿಂಗ್ಸಿಗೆ ಎರಡು ಸಲ ಬರುವ ಎರಡೂವರೆ ನಿಮಿಷದ ಟೈಮ್‌ಔಟ್ ಹೊಸ ಚಾ ಹೇಳಲು ಸಾಕು. ಗುಟುಕಿನ ಲೆಕ್ಕ ತಪ್ಪಿದವನು ಮುಂದಿನ ಪಂದ್ಯಕ್ಕೆ ಕಮಲಾಪುರದ ಕೆಂಪು ಬಾಳೆಹಣ್ಣು ತರಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ದಪ್ಪ ಕೆಂಪು ಸಿಪ್ಪೆಯ ಹಣ್ಣಿನ ಬೆಲೆ ಸಾಮಾನ್ಯ ಬಾಳೆಗಿಂತ ಹೆಚ್ಚಾದ್ದರಿಂದ ದಂಡಕ್ಕೊಂದು ತೂಕ ಬರುತ್ತದೆ, ತಿಂದವರಿಗೆ ಲಾಭವೂ ಆಗುತ್ತದೆ.

ಚಹಾದ ಜಾಗದಲ್ಲಿ ಮದ್ಯವಿದ್ದರೆ ಏನಾಗುತ್ತದೆ ಎಂಬುದು ಸುಲಭವಾಗಿ ಊಹಿಸಬಹುದಾದದ್ದು: ಕಿವಿಯ ಚುರುಕನ್ನೇ ಬೇಡುವ ಆಟದಲ್ಲಿ ಪ್ರತಿ ಗುಟುಕೂ ಕಿವಿಯನ್ನು ಮಂದಗೊಳಿಸುತ್ತ ಹೋಗುತ್ತದೆ, ಕೊನೆಯ ಓವರಿಗೆ ಬರುವ ಹೊತ್ತಿಗೆ ಎಣಿಸುವವರೇ ಉಳಿದಿರುವುದಿಲ್ಲ. ಚಹಾ ಎಚ್ಚರವನ್ನು ಹೆಚ್ಚಿಸುತ್ತದೆ. ಹಣ ಕಟ್ಟುವ ಬೆಟ್ಟಿಂಗಿಗೂ ಇದಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಐಪಿಎಲ್ ಬಂತೆಂದರೆ ಸಾಲ ಮಾಡಿ, ತಾಯಿಯ ಒಡವೆ ಒತ್ತೆಯಿಟ್ಟು, ಚೆಂಡು ಚೆಂಡಿಗೂ ದುಡ್ಡು ಕಟ್ಟುವ ಹುಡುಗರಿದ್ದಾರೆ. ಅವರು ಆಟವನ್ನು ನೋಡುವುದಿಲ್ಲ, ಅಂಕಿಯನ್ನು ನೋಡುತ್ತಾರೆ, ಮತ್ತು ಒಂದು ಸುಂದರ ಕವರ್ ಡ್ರೈವ್ ಅವರಿಗೆ ಸಂತೋಷವನ್ನೇ ಕೊಡುವುದಿಲ್ಲ. ಗುಟುಕಿನ ಆಟದಲ್ಲಿ ಗೆದ್ದವನಿಗೂ ಸೋತವನಿಗೂ ಸಿಗುವುದು ಅದೇ ಚಾ. ಅಂಥ ಒಬ್ಬ ಹುಡುಗನಾದರೂ ಮೊಬೈಲು ಕೆಳಗಿಟ್ಟು ಬೆಂಚಿನ ತುದಿಗೆ ಬಂದು ಕೂತು ತನ್ನದೊಂದು ಪದ ಆರಿಸಿಕೊಂಡರೆ, ಈ ನಿಯಮಗಳನ್ನು ಕಟ್ಟಿದ್ದಕ್ಕೆ ಅದಕ್ಕಿಂತ ದೊಡ್ಡ ಫಲ ಬೇಕಿಲ್ಲ.

ಇನ್ನೊಂದು ನಿಯಮ ಉಳಿದಿದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನ ಐಪಿಎಲ್ ಫೈನಲ್‌ನಲ್ಲಿ ಪಂಜಾಬ್ ಕಿಂಗ್ಸ್‌ಗೆ ಕೊನೆಯ ಓವರಿನಲ್ಲಿ 29 ರನ್ ಬೇಕಿತ್ತು. ಬೆಂಗಳೂರು ತಂಡದ ಹೇಜಲ್‌ವುಡ್ ಮೊದಲ ಎರಡು ಚೆಂಡಿಗೆ ರನ್ ಕೊಡಲಿಲ್ಲ, ಅಷ್ಟರಲ್ಲೇ ಹದಿನೆಂಟು ವರ್ಷ ಕಾದ ಕಪ್ ಬಂದಂತಾಯಿತು, ಆಮೇಲೆ ಶಶಾಂಕ್ ಸಿಂಗ್ ಬಾರಿಸಿದ ಸಿಕ್ಸರು, ಬೌಂಡರಿಗಳು ಗೆಲುವಿನ ಅಂತರವನ್ನು ಆರು ರನ್ನಿಗೆ ಇಳಿಸಿದವಷ್ಟೆ. ಅಂಥ ಹೊತ್ತಿನಲ್ಲಿ ವಿವರಣೆಕಾರ ಯಾವ ಪದ ಆಡಿದ ಎಂದು ಕೇಳುವವರು ಯಾರು? ಆದುದರಿಂದ ಕೊನೆಯ ಆರು ಚೆಂಡಿಗೆ ಯಾವ ಮಾತಿಗೂ ಗುಟುಕಿಲ್ಲ. ಬಸಿಯ ಚಾ ಅದರ ಪಾಡಿಗೆ ಕೆನೆಗಟ್ಟಿ ಆರುತ್ತಿರಲಿ.