ಮಳೆ ಇಲ್ಲದ ಮಹಾಪೂರ

ಮಹಾಪೂರದ ಆಟವೆಂದರೆ ಗುಡುಗು-ಮಿಂಚು ಇರಲೇಬೇಕೆಂಬುದು ಹೊರಗಿನವರ ಲೆಕ್ಕ. ಜಮಖಂಡಿ ಕಡೆಯವರಿಗೆ ಗೊತ್ತು, ಕೃಷ್ಣೆ ಏರುವಾಗ ನಮ್ಮಲ್ಲಿ ಬಿಸಿಲೂ ಇರಬಹುದು. ಮಳೆ ಮಹಾಬಳೇಶ್ವರ, ಕೊಯ್ನಾದ ಕಡೆ; ನೀರು ನಮ್ಮ ಕಬ್ಬಿನ ಹೊಲಕ್ಕೆ. 2019ರ ಆಗಸ್ಟಿನ ನೀರನ್ನು ಸಣ್ಣಾಟವಾಗಿ ಕಟ್ಟಲು ಕೂತಾಗ ಮೊದಲು ಬಿಟ್ಟದ್ದೇ ಗುಡುಗನ್ನು. ಆಮೇಲೆ ನೀಲಿ ಬಟ್ಟೆಯನ್ನು. ಇಬ್ಬರು ಹುಡುಗರು ತುದಿ ಹಿಡಿದು ಅಲುಗಿಸಿದರೆ ಅದು ಹೊಳೆಯಾಗುವುದಿಲ್ಲ, ಸೀರೆ ಒಣಗಿಸಿದಂತಾಗುತ್ತದೆ.

ನಮ್ಮಲ್ಲಿ ನೀರಾಗುವವರು ಹಿಮ್ಮೇಳದವರು. ನುಡಿಗೊಂದು ಹೆಜ್ಜೆಯಂತೆ ಕುಣಿಯುತ್ತ ಮುಂದೆ ಬರುತ್ತಾರೆ; ಪಾತ್ರಗಳಿಗೆ ನಿಲ್ಲುವ ಜಾಗ ಅಷ್ಟಷ್ಟೇ ಕಿರಿದಾಗುತ್ತದೆ. ಹಾರ್ಮೋನಿಯಂ ಸ್ವರ ಏರುವುದಿಲ್ಲ, ತಬಲಾದ ಲಯ ಮಾತ್ರ ಬಿಗಿಯುತ್ತದೆ. ಪಲ್ಲವಿಯೇ ಕ್ಯೂಸೆಕ್ ಲೆಕ್ಕ: ಒಂದು ಲಕ್ಷ, ಎರಡು ಲಕ್ಷ, ಮೂರು ಲಕ್ಷ. ಸೆಕೆಂಡಿಗೊಂದು ಘನ ಅಡಿಯ ಈ ಅಳತೆ ಹೊಳೆಸಾಲಿನ ಮಕ್ಕಳಿಗೂ ಬಾಯಿಪಾಠ. ಮೊದಲು ಜನ ನಗುತ್ತಾರೆ. ಲಕ್ಷ ಐದಕ್ಕೇರುವಷ್ಟರಲ್ಲಿ ನಗು ನಿಂತಿರುತ್ತದೆ. ತಾಲೀಮಿನಲ್ಲಿ ಎಷ್ಟು ಸಲ ಕೇಳಿದರೂ ಆ ತಿರುವಿನಲ್ಲಿ ನನ್ನ ಕಾಲು ತಾನಾಗಿ ತಾಳ ಹಾಕುತ್ತದೆ.

ಹದ ಕಲಿಸಿದ್ದು ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣ ರೂಪ ಕೊಟ್ಟ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ಆಟ. ಅಲ್ಲಿ ಮುನಿದ ಸತ್ಯಭಾಮೆ, ಇಲ್ಲಿ ಮನೆ ಬಿಡಲೊಲ್ಲದ ಮುದುಕಿ. ನಮ್ಮ ಕೊರವಂಜಿ ಕೈ ನೋಡುವುದಿಲ್ಲ, ಮೊಬೈಲ್ ನೋಡುತ್ತಾಳೆ.

"ಏಳಬೇ ಯವ್ವಾ, ಕೊಯ್ನಾದಿಂದ ನೀರ ಬಿಟ್ಟಾರ!"

"ಎಮ್ಮಿ ಈಯಾಕತ್ತೈತಿ. ಸ್ವಲ್ಪ ತಡೀರಿ ಅಂತ ಕೊಯ್ನಾದವ್ರಿಗೆ ಹೇಳ."

ಹಾಸ್ಯಕ್ಕೆಂದು ಬರೆದ ಮಾತಲ್ಲ ಇದು. ದನ ಬಿಟ್ಟು ಬರಲೊಲ್ಲದವರು ಎಷ್ಟೋ ಜನ.

ಮುಧೋಳದಲ್ಲಿ ಇದೇ ಆಟ ಘಟಪ್ರಭೆಯದಾಗುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮುದುಕಿಯ ಸೀರೆ ಯಾವ ಮಗ್ಗದ್ದೆಂಬ ಚರ್ಚೆಯೇ ಮೊದಲು, ನೇಕಾರರ ಊರಲ್ಲವೇ! ಬೀಳಗಿ ಮಾತ್ರ ಬೇರೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲಮನೆ ಕೊಟ್ಟವರು ಅಲ್ಲಿ ಕೂತಿರುತ್ತಾರೆ. ಅವರ ನೀರು ಇಳಿದು ಹೋಗುವ ನೀರಲ್ಲ. ಹಿಮ್ಮೇಳ ಹಿಂದೆ ಸರಿದು ಆಟ ಮುಗಿದರೆ ಅವರಿಗೆ ಸುಳ್ಳೆನಿಸುತ್ತದೆ. ಹೀಗಾಗಿ ಬೀಳಗಿಯಲ್ಲಿ ಹಿಮ್ಮೇಳ ಮುಂದೆಯೇ ನಿಲ್ಲುತ್ತದೆ, ಮಂಗಳಾರತಿಯೂ ಅಲ್ಲೇ.

ಹೊಳೆಸಾಲಿನ ಓದುಗರಲ್ಲಿ ಒಂದು ಬೇಡಿಕೆ. ಮಹಾಪೂರದ ಮೇಲೆ ಲಾವಣಿಯನ್ನೋ ಗೀಗೀ ಪದವನ್ನೋ ಕಟ್ಟಿದವರು ನಿಮ್ಮೂರಲ್ಲಿದ್ದರೆ, ಅವರಿಂದಲೇ ಹಾಡಿಸಿ ಮೊಬೈಲಿನಲ್ಲಿ ಹಿಡಿದಿಡಿ. ಬರೀ ಸಾಲು ಬರೆದುಕೊಂಡರೆ ಧಾಟಿ ಉಳಿಯುವುದಿಲ್ಲ.