ಒಂದು ಕಾರ್ಡು, ಇಬ್ಬರು ಪ್ರಯಾಣಿಕರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಡುವವರಲ್ಲಿ ಪರೀಕ್ಷೆ, ಸಂದರ್ಶನ, ಕಾಲೇಜು ಪ್ರವೇಶವೆಂದು ಹೋಗುವ ಮಕ್ಕಳೂ ಹೆತ್ತವರೂ ಬಹಳ. ನಸುಕಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಕಾಲಬುಡದಲ್ಲೇ ಮೆಟ್ರೋ ಉಂಟು. 2011ರಲ್ಲಿ ಆರಂಭವಾದ ‘ನಮ್ಮ ಮೆಟ್ರೋ’ ನೆಲದಡಿಯಿಂದ ಮೆಜೆಸ್ಟಿಕ್ ತಲುಪಿದ್ದು 2016ರಲ್ಲಿ. ನೇರಳೆ ಮತ್ತು ಹಸಿರು ಮಾರ್ಗಗಳು ಅಲ್ಲಿ ಒಂದರ ಮೇಲೊಂದು ಹಾಯುತ್ತವೆ.

2025ರ ಬೇಸಗೆಯಲ್ಲಿ ಬೆಳ್ತಂಗಡಿ ಬಳಿಯ ಹಳ್ಳಿಯೊಂದರ ತಂದೆ, ಮಗಳು ಹೀಗೆ ಬಂದಿಳಿದರು. ಯಶವಂತಪುರದಲ್ಲಿ ಒಂಬತ್ತಕ್ಕೆ ಪರೀಕ್ಷೆ. ನೆಂಟರ ಮೆಟ್ರೋ ಕಾರ್ಡು ತಂದೆಯ ಕಿಸೆಯಲ್ಲಿತ್ತು. ತಂದೆ ಅದನ್ನು ಗೇಟಿಗೆ ಮುಟ್ಟಿಸಿ ಒಳಗೆ ಹೋದರು, ಹಿಂದೆ ತಿರುಗಿ ಮಗಳ ಕೈಗೆ ಕೊಟ್ಟರು. ಅವಳು ಎಷ್ಟು ಮುಟ್ಟಿಸಿದರೂ ಗೇಟು ತೆರೆಯಲಿಲ್ಲ. ತಂದೆ ಒಳಗೆ, ಮಗಳು ಹೊರಗೆ. ಪ್ರವೇಶಪತ್ರವಿದ್ದ ಚೀಲ, ಹಣ ಎರಡೂ ಒಳಗೆ!

ಬಸ್ಸಿನಲ್ಲಾದರೆ ‘ಎರಡು ಬಿ.ಸಿ.ರೋಡ್’ ಎಂದರೆ ಮುಗಿಯಿತು. ಉಳಿದದ್ದು ಕಂಡಕ್ಟರನ ತಲೆಬಿಸಿ. ಗೇಟಿಗೆ ಆ ಜ್ಞಾನವಿಲ್ಲ. ಒಳಹೋಗುವಾಗ ‘ಇವರು ಮೆಜೆಸ್ಟಿಕ್ಕಿನಲ್ಲಿ ಹೊಕ್ಕರು’ ಎಂದು ಕಾರ್ಡಿನಲ್ಲಿ ದಾಖಲಾಗುತ್ತದೆ. ಹೊರಬರುವಾಗ ಆ ದಾಖಲೆ ಓದಿ, ದೂರಕ್ಕೆ ತಕ್ಕ ಹಣವನ್ನು ಮುರಿದುಕೊಳ್ಳುತ್ತದೆ. ಈಗಾಗಲೇ ಒಳಗಿರುವ ಕಾರ್ಡು ಮತ್ತೊಮ್ಮೆ ಒಳಗೆ ಬರುವುದು ಹೇಗೆ? ಆದ್ದರಿಂದ ತಲೆಗೊಂದು ಕಾರ್ಡು ಅಥವಾ ಟಿಕೆಟ್ ಬೇಕು. ಮೊಬೈಲಿನ ಕ್ಯೂಆರ್ ಟಿಕೆಟನ್ನು ಮಾತ್ರ 2023ರ ನವೆಂಬರಿನಿಂದ ಆರು ಮಂದಿಗೆ ಒಟ್ಟಿಗೆ ಪಡೆಯಲು ಅವಕಾಶವಾಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ಇರುವುದು ತೆಳ್ಳಗಿನ ತಂತಿಯ ಸುರುಳಿ ಮತ್ತು ಅಕ್ಕಿಕಾಳಿಗಿಂತ ದೊಡ್ಡದಲ್ಲದ ಒಂದು ಚಿಪ್ಪು. ಗೇಟಿನ ಯಂತ್ರದ ಕಾಂತಕ್ಷೇತ್ರ ಸೆಕೆಂಡಿಗೆ 1 ಕೋಟಿ 35 ಲಕ್ಷದ 60 ಸಾವಿರ ಬಾರಿ ಕಂಪಿಸುತ್ತದೆ. ಅದರಿಂದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಚಿಪ್ಪು ಎಚ್ಚರಗೊಳ್ಳುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ ಇದು, ಶಾಲೆಯಲ್ಲಿ ಸುರುಳಿಯೊಳಗೆ ಅಯಸ್ಕಾಂತ ಆಡಿಸಿ ಗ್ಯಾಲ್ವನೋಮೀಟರಿನ ಮುಳ್ಳು ಕುಣಿಸುತ್ತೇವಲ್ಲ, ಅದೇ.

ಹೆತ್ತವರಿಗೆ ಒಂದೆರಡು ಮಾತು. 2025ರ ಫೆಬ್ರವರಿ 9ರ ದರಪಟ್ಟಿಯಂತೆ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90. ಕಾರ್ಡಿನಲ್ಲಿ ಅದಕ್ಕಿಂತ ತುಸು ಹೆಚ್ಚೇ ಇರಲಿ. ಆದಿತ್ಯವಾರ ಬೆಳಗ್ಗೆ ರೈಲು ತಡವಾಗಿ ಹೊರಡುತ್ತದೆ, ಮೊದಲೇ ವಿಚಾರಿಸಿ. ಮುಖ್ಯವಾದದ್ದು, ಹಳಿಯ ಮೇಲೆ ತಂತಿ ಕಾಣುವುದಿಲ್ಲವೆಂದು ಮೋಸಹೋಗಬಾರದು. ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ಹರಿಯುತ್ತಿರುತ್ತದೆ. ಚಪ್ಪಲಿಯಾಗಲಿ ಮೊಬೈಲಾಗಲಿ ಕೆಳಗೆ ಬಿದ್ದರೆ ಸಿಬ್ಬಂದಿಯನ್ನೇ ಕರೆಯಬೇಕು.

ಅಂದು ಕಾವಲಿನವರು ವಿಷಯ ವಿವರಿಸಿದ ಮೇಲೆ ಗೇಟಿನ ಮೇಲಿಂದ ನೂರರ ನೋಟು ಹೊರಬಂತು, ಕಾರ್ಡು ಒಳಹೋಯಿತು. ಮಗಳು ಕೌಂಟರಿನಲ್ಲಿ ಟೋಕನ್ ಕೊಂಡು ಒಳಬಂದಳು. ‘ಮಾದಾವರ’ ಎಂಬ ಫಲಕ ನೋಡಿ ರೈಲು ಹತ್ತಿಸಿದವಳೂ ಅವಳೇ. ಯಶವಂತಪುರದ ಗೇಟು ಟೋಕನನ್ನು ನುಂಗಿತು. ವಾಪಸು ಬರುತ್ತದೆಂದು ತಂದೆ ಒಂದು ಗಳಿಗೆ ಕಾದರು. ಎಂಟೂವರೆಗೆ ಇಬ್ಬರೂ ಪರೀಕ್ಷಾ ಕೇಂದ್ರದ ಎದುರು ಚಹಾ ಕುಡಿಯುತ್ತಿದ್ದರು.