ಹಲಸಿನ ಸಿಪ್ಪೆಯ ಮೇಲಿನ ನೊಣ

ಹೊನ್ನಾವರದ ಬಂದರಿನಲ್ಲಿ ಮೂಗಿಗೆ ಅಡರುವುದು ಮೀನಿನ ವಾಸನೆ. ಮೇ ತಿಂಗಳಲ್ಲಿ ಅಲ್ಲಿಂದ ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆಯತ್ತ ಹೊರಟರೆ ದಾರಿಯುದ್ದಕ್ಕೂ ಹಲಸಿನದೇ ಘಮ. ಹಿತ್ತಲಲ್ಲಿ ಎಸೆದ ಸಿಪ್ಪೆ, ಬೇಣದಲ್ಲಿ ಉದುರಿದ ಗೇರುಹಣ್ಣು ಎರಡೇ ದಿನಕ್ಕೆ ಹುಳಿತು, ಅದರ ಮೇಲೆ ಎಳ್ಳುಕಾಳಿನಷ್ಟೇ ಗಾತ್ರದ ಕೆಂಗಣ್ಣಿನ ನೊಣಗಳು ಮುತ್ತುತ್ತವೆ. ಮಾವಿನೊಳಗೆ ಹುಳ ಬೀಳಿಸುವ ನೊಣ ಬೇರೆ. ಇದು ಪಾಪದ್ದು, ಹುಳಿತ ಹಣ್ಣಿನ ಹುದುಗೇ ಇದರ ಅನ್ನ. ವಿಜ್ಞಾನಿಗಳಿಗೆ ಇದು ಡ್ರೊಸೊಫಿಲಾ.

ಈ ಕುಲದ ಹಲವು ಪ್ರಭೇದಗಳು ಘಟ್ಟದ ಕಾಡಿನಲ್ಲಿವೆ. ಹಿಚುಕಿದ ಬಾಳೆಹಣ್ಣು ತುಂಬಿದ ಬಾಟಲಿಯನ್ನು ಮರಕ್ಕೆ ಕಟ್ಟಿದರೆ ತಾವಾಗಿಯೇ ಬಂದು ಬೀಳುತ್ತವೆ. ಡ್ರೊಸೊಫಿಲಾ ಮೈಸೂರೆನ್ಸಿಸ್, ಡ್ರೊಸೊಫಿಲಾ ಆಗುಂಬೆನ್ಸಿಸ್ ಎಂದು ನಮ್ಮ ಊರುಗಳ ಹೆಸರು ಹೊತ್ತವೂ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ನೊಣಗಳ ಭಂಡಾರವೇ ಉಂಟು.

ಅಷ್ಟೊಂದು ಉಪಚಾರ ಯಾಕೆಂದರೆ, 25 ಡಿಗ್ರಿ ಉಷ್ಣತೆಯಲ್ಲಿ ಇವಕ್ಕೆ ಸುಮಾರು 10 ದಿನಕ್ಕೊಂದು ತಲೆಮಾರು. ಮೊಟ್ಟೆಯೊಡೆದ ಮರಿಹುಳು ನಾಲ್ಕೇ ದಿನದಲ್ಲಿ ತೂಕದಲ್ಲಿ ಸುಮಾರು 200 ಪಟ್ಟು ಹೆಚ್ಚುತ್ತದೆ. ರೆಕ್ಕೆ ಬಂದ ನೊಣ ಮತ್ತೆ ಬೆಳೆಯುವುದಿಲ್ಲ. ಹಾಗಾದರೆ ‘ಸಾಕು, ನಿಲ್ಲು’ ಎನ್ನುವವರು ಯಾರು?

1995ರಲ್ಲಿ ಅಮೆರಿಕದಲ್ಲಿ ಅಂಥದೊಂದು ವಂಶವಾಹಿ ಸಿಕ್ಕಿತು. ಅದು ಕೆಟ್ಟರೆ ನೊಣದ ಮೈಯಲ್ಲಿ ಜೀವಕೋಶಗಳು ಮಿತಿಮೀರಿ ಗಡ್ಡೆಯಾಗುತ್ತವೆ. ಹೆಸರು ವಾರ್ಟ್ಸ್, ಎಂದರೆ ನರೂಲಿ. ಮನುಷ್ಯನಲ್ಲೂ ಅದರ ನಂಟಿನ ವಂಶವಾಹಿಯಿದೆ. 1999ರಲ್ಲಿ ಅದನ್ನು ವಾರ್ಟ್ಸ್ ಕೆಟ್ಟ ನೊಣಕ್ಕೆ ಕೊಟ್ಟು ನೋಡಿದರು. ಗಡ್ಡೆ ನಿಂತಿತು, ನೊಣ ಬದುಕಿತು! ಕ್ಯಾನ್ಸರ್ ಸಂಶೋಧಕರು ನೊಣದ ಬಾಟಲಿ ಬಿಟ್ಟೇಳದಿರುವುದು ಇಂಥ ಕಾರಣಕ್ಕೆ.

ಅದೇ ವರ್ಷ ಜೂರಿಕ್‌ನವರು ಇನ್ನೊಂದನ್ನು ಗುರುತಿಸಿದರು. ಅದು ಕೆಟ್ಟ ನೊಣ ಮಾಮೂಲಿ ನೊಣದ ಅರ್ಧದಷ್ಟೂ ಇಲ್ಲ, ಆದರೆ ಅಂಗಾಂಗವೆಲ್ಲ ಅಳತೆಗೆ ಸರಿಯಾಗಿದೆ. ಅದಕ್ಕಿಟ್ಟ ಹೆಸರು ಚಿಕೋ. ಸ್ಪ್ಯಾನಿಷ್‌ನಲ್ಲಿ ಪುಟ್ಟ ಹುಡುಗ ಎಂದರ್ಥ. ಕನ್ನಡಿಗರಿಗಂತೂ ಅರ್ಥ ಹೇಳಬೇಕಾಗಿಲ್ಲ. ನಮ್ಮ ಸಕ್ಕರೆ ಕಾಯಿಲೆಯಲ್ಲಿ ಮಾತಿಗೆ ಬರುವ ಇನ್ಸುಲಿನ್ ಇದೆಯಲ್ಲ, ಅದರ ಸಂದೇಶವನ್ನು ಜೀವಕೋಶದೊಳಗೆ ದಾಟಿಸುವುದು ಚಿಕೋ ಕೆಲಸ. ಹೊಟ್ಟೆಗೆ ಬಿದ್ದ ಸುದ್ದಿ ಮೈಗೆ ತಲುಪುವ ದಾರಿ ಎನ್ನಬಹುದು.

ವಂಶವಾಹಿ ನೆಟ್ಟಗಿದ್ದೂ ಹೊಟ್ಟೆಗೆ ಸಾಲದಿದ್ದರೆ? ಅದನ್ನು ನೋಡಲು ಜೂರಿಕ್ ಬೇಡ. ಮಳೆಗೆ ಮುಂಚಿನ ಕೊನೆಯ ಸಿಪ್ಪೆಗೆ ಹುಳುಗಳ ನೂಕುನುಗ್ಗಲಾದರೆ, ಅಲ್ಲಿಂದ ಏಳುವ ನೊಣ ಎಳ್ಳಿನಷ್ಟೂ ಇರುವುದಿಲ್ಲ.